ಸಮೋವಾದಲ್ಲಿ ನಮ್ಮ ಶನಿವಾರ, ಭಾನುವಾರಗಳು

ನಿವೃತ್ತ ಶಿಕ್ಷಕರಾದ ನಾವು ದಂಪತಿಗಳು 2018ರಲ್ಲಿ ಶಾಂತ ಸಾಗರದ ಸಮೋವಾ ದೇಶಕ್ಕೆ ತೆರಳಿ, ಉಪೋಲು ದ್ವೀಪದ ದಕ್ಷಿಣ ಕರಾವಳಿಯ ಹಳ್ಳಿಯೊಂದರ ಶಾಲೆಯಲ್ಲಿ ಆರು ತಿಂಗಳ ಕಾಲ ಸಂಬಳವಿಲ್ಲದೆ ಗಣಿತ ಕಲಿಸಿದೆವು. ಹೊರಡುವ ಮುನ್ನ ಬಂಧುಗಳು ಕೇಳಿದ ಪ್ರಶ್ನೆ ಒಂದೇ: “ರಜೆಯ ದಿನ ಅಲ್ಲಿ ಹೊತ್ತು ಹೇಗೆ ಕಳೆಯುತ್ತೀರಿ?” ನಮಗೂ ಅದೇ ಅಳುಕಿತ್ತು. ಶಾಲೆಯ ಐದು ದಿನಗಳು ಹೇಗೋ ಸಾಗುತ್ತವೆ; ಗುರುತು ಪರಿಚಯವಿಲ್ಲದ ನೆಲದಲ್ಲಿ ಭಾರವಾಗುವವು ಉಳಿದ ಎರಡು ದಿನಗಳೇ.

ಸುಮಾರು ಎರಡು ಲಕ್ಷ ಜನರಿರುವ ಈ ಪುಟ್ಟ ದೇಶ 1962ರ ಜನವರಿ 1ರಂದು ನ್ಯೂಜಿಲೆಂಡಿನ ಆಡಳಿತದಿಂದ ಬಿಡುಗಡೆ ಪಡೆಯಿತು. ವಾರದ ಕೊನೆಯ ದಿನಗಳ ವಿಷಯದಲ್ಲಿ ಇದಕ್ಕೆ ಒಂದು ವಿಚಿತ್ರ ಚರಿತ್ರೆಯೂ ಉಂಟು. ದಿನಾಂಕ ರೇಖೆಯ ಆಚೆಗಿದ್ದ ಕಾರಣ, ಇಲ್ಲಿ ಶುಕ್ರವಾರವಿದ್ದಾಗ ನ್ಯೂಜಿಲೆಂಡಿನಲ್ಲಿ ಶನಿವಾರದ ರಜೆ; ಇಲ್ಲಿ ಭಾನುವಾರವಿದ್ದಾಗ ಅಲ್ಲಿ ಸೋಮವಾರದ ಕೆಲಸ. ವ್ಯಾಪಾರಕ್ಕೆ ಇದು ತೊಡಕೆಂದು ಸರ್ಕಾರ ರೇಖೆಯನ್ನೇ ದಾಟಲು ನಿಶ್ಚಯಿಸಿತು. 2011ರ ಡಿಸೆಂಬರ್ 29ರ ಗುರುವಾರ ರಾತ್ರಿ ಮಲಗಿದವರು ಎದ್ದದ್ದು 31ರ ಶನಿವಾರಕ್ಕೆ! ಆ ವರ್ಷದ ಕೊನೆಯ ಶುಕ್ರವಾರವನ್ನು ಅಲ್ಲಿನವರು ಕಾಣಲೇ ಇಲ್ಲ.

ಶನಿವಾರ ಬೆಳಗಾದರೆ ಊರೆಲ್ಲ ಪೊರಕೆಯ ಸದ್ದು. ಬಿದ್ದ ಎಲೆಗಳನ್ನು ಗುಡಿಸುವುದು, ಹುಲ್ಲು ಕತ್ತರಿಸುವುದು, ಬಟ್ಟೆ ಒಗೆಯುವುದು. ಮಧ್ಯಾಹ್ನದ ಮೇಲೆ ಬಯಲಿನಲ್ಲಿ ‘ಕಿರಿಕಿಟಿ’. ನಮ್ಮ ಕ್ರಿಕೆಟ್ಟೇ ಹೌದು. ಆದರೆ ದಾಂಡಿಗೆ ಮೂರು ಮುಖ, ಆಡುವವರಿಗೆ ಲೆಕ್ಕವಿಲ್ಲ. ಬಂದವರೆಲ್ಲ ಆಟಗಾರರು, ಹಾಡುವುದೂ ಕುಣಿಯುವುದೂ ಆಟದ ಭಾಗವೇ. ನಮ್ಮವರು ಒಮ್ಮೆ ಉತ್ಸಾಹದಿಂದ ದಾಂಡು ಹಿಡಿದು ಮೊದಲ ಎಸೆತಕ್ಕೇ ಔಟಾಗಿ, ಇಡೀ ಹಳ್ಳಿಗೆ ಒಂದು ವಾರದ ನಗೆಯನ್ನು ಒದಗಿಸಿದರು.

ಸಂಜೆಯಾಗುತ್ತಲೇ ಶಂಖ ಊದುತ್ತಾರೆ. ಅದು ‘ಸಾ’ ಎಂಬ ಪ್ರಾರ್ಥನೆಯ ಹೊತ್ತು. ಆ ಹತ್ತಿಪ್ಪತ್ತು ನಿಮಿಷ ಯಾರೂ ಬೀದಿಯಲ್ಲಿ ನಡೆಯಕೂಡದು. ಇದನ್ನರಿಯದೆ ನಾವು ಮೊದಲ ವಾರ ಸಮುದ್ರತೀರದಿಂದ ಮರಳುತ್ತಿದ್ದಾಗ, ಲುಂಗಿಯಂತಹ ‘ಲಾವಾಲಾವಾ’ ಉಟ್ಟು ರಸ್ತೆಯಂಚಿನಲ್ಲಿ ನಿಂತಿದ್ದ ತರುಣನೊಬ್ಬ ಕೈಸನ್ನೆಯಿಂದಲೇ ನಮ್ಮನ್ನು ಕೂರಿಸಿದನು. ಕೂತೆವು. ಗೋಡೆಗಳೇ ಇಲ್ಲದ ಮನೆಗಳಿಂದ ಸ್ತೋತ್ರಗಳು ಒಂದರ ಮೇಲೊಂದು ಕೇಳಿಬಂದವು. ಮರುದಿನದಿಂದ ಶಂಖದ ಸದ್ದಿಗೆ ನಾವೂ ನಮ್ಮ ಲಿಂಗಪೂಜೆಗೆ ಕುಳಿತುಕೊಳ್ಳತೊಡಗಿದೆವು.

ಭಾನುವಾರವಂತೂ ಹೊಗೆಯಿಂದಲೇ ಆರಂಭ. ನಸುಕಿನಲ್ಲೇ ಗಂಡುಮಕ್ಕಳು ಎದ್ದು ಕಲ್ಲುಗಳನ್ನು ಕೆಂಪಗೆ ಕಾಯಿಸಿ ‘ಉಮು’ ಎಂಬ ಒಲೆಯನ್ನು ಸಿದ್ಧಪಡಿಸುತ್ತಾರೆ. ಅಡಿಗೆಯ ಈ ಭಾರ ಅಲ್ಲಿ ತರುಣರದ್ದು ಎಂಬುದನ್ನು ನಮ್ಮ ಮನೆಗಳ ಗಂಡಸರು ಗಮನಿಸಬೇಕು. ಕೆಸುವಿನ ಗೆಡ್ಡೆ, ಬಾಳೆಕಾಯಿ, ಕರಾವಳಿಯವರು ಜೀಗುಜ್ಜೆ ಎನ್ನುವ ಬೇರುಹಲಸು, ಮೀನು ಮುಂತಾದವನ್ನು ಕಲ್ಲುಗಳ ಮೇಲಿಟ್ಟು ಎಲೆಗಳಿಂದ ಮುಚ್ಚುತ್ತಾರೆ. ಎಳೆಯ ಕೆಸುವಿನ ಎಲೆಯಲ್ಲಿ ಗಟ್ಟಿ ತೆಂಗಿನ ಹಾಲು, ಈರುಳ್ಳಿ ಸುತ್ತಿ ಬೇಯಿಸುವ ‘ಪಲುಸಾಮಿ’ ನಮ್ಮ ಪತ್ರೊಡೆಯ ದೂರದ ಬಂಧುವಿನಂತೆ ತೋರಿತು. ನಾವು ಶಾಕಾಹಾರಿಗಳೆಂದು ತಿಳಿದ ಮನೆಯೊಡತಿ ನಮ್ಮ ಪಾಲನ್ನು ಮಾಂಸ ಸೇರಿಸದೆ ಬೇರೆಯೇ ಕಟ್ಟಿಡುತ್ತಿದ್ದಳು. ಅಚ್ಚ ಬಿಳಿಯ ಉಡುಪು ತೊಟ್ಟು, ಹೆಂಗಸರು ಹ್ಯಾಟು ಧರಿಸಿ ಚರ್ಚಿಗೆ ಹೋಗಿಬಂದ ಮೇಲೆ ಈ ಭೋಜನ. ಅದರ ಹೆಸರು ‘ತೋಓನಾಯಿ’.

ಇಲ್ಲಿಯೇ ನಾವು ತಪ್ಪಿದ್ದು. ಚಾಪೆಯ ಮೇಲೆ ನಮ್ಮನ್ನು ಕೂರಿಸಿ, ಹೆಣೆದ ತಟ್ಟೆಯಲ್ಲಿ ಎಲ್ಲವನ್ನೂ ತುಂಬಿ ಮುಂದಿಡುತ್ತಿದ್ದರು. ಶಾಲೆಯಲ್ಲಿ ನಮ್ಮ ವಿದ್ಯಾರ್ಥಿನಿಯೇ ಆಗಿದ್ದ ಮನೆಯ ಮಗಳು ಪಕ್ಕದಲ್ಲಿ ಕೂತು ಬೀಸಣಿಗೆಯಿಂದ ನೊಣ ಓಡಿಸುತ್ತಿದ್ದಳು. ಬಡಿಸಿದ್ದು ಪ್ರಸಾದ, ಅದರಲ್ಲಿ ಒಂದಗುಳೂ ಉಳಿಯಬಾರದೆಂದು ಬೆಳೆದವರು ನಾವು. ತಟ್ಟೆ ತೊಳೆದ ನೀರನ್ನೂ ಕುಡಿಯುತ್ತಿದ್ದ ಹಿರಿಯರನ್ನು ಕಂಡವರು. ಆದ್ದರಿಂದ ಹೊಟ್ಟೆ ಬಿರಿದರೂ ಬಿಡದೆ ತಿಂದು ಮುಗಿಸಿದೆವು. ತಟ್ಟೆ ಬರಿದಾದೊಡನೆ ಮತ್ತೆ ತುಂಬಿದರು. ಅದನ್ನೂ ಮುಗಿಸಿದೆವು. ಒಂದಲ್ಲ, ನಾಲ್ಕು ಭಾನುವಾರ ಹೀಗೆ ನಡೆಯಿತು.

ಐದನೆಯ ವಾರ ಶಾಲೆಯಲ್ಲಿ ಭಾಗಾಕಾರ ಕಲಿಸುತ್ತ, “ಹನ್ನೆರಡು ಬಾಳೆಕಾಯಿ, ಉಣ್ಣುವವರು ಆರು ಮಂದಿ, ಒಬ್ಬೊಬ್ಬರಿಗೆ ಎಷ್ಟು?” ಎಂದು ಕೇಳಿದೆವು. ಆ ಹುಡುಗಿ ಎದ್ದು, “ಅತಿಥಿಗಳಿದ್ದಾರೆಯೇ?” ಎಂದಳು. ತರಗತಿ ನಕ್ಕಿತು. ಅವಳು ನಗಲಿಲ್ಲ. ಸಹೋದ್ಯೋಗಿಯೊಬ್ಬರನ್ನು ವಿಚಾರಿಸಿದಾಗ ಅವರು ಬಹಳ ಸಂಕೋಚದಿಂದ ಬಿಡಿಸಿ ಹೇಳಿದರು: ಅಲ್ಲಿ ಅತಿಥಿಗಳೂ ಹಿರಿಯರೂ ಮೊದಲು ಉಣ್ಣುತ್ತಾರೆ, ಮಕ್ಕಳು ಸೇವೆ ಮಾಡಿ, ಉಳಿದುದನ್ನು ಬಳಿಕ ಉಣ್ಣುತ್ತಾರೆ. ತಟ್ಟೆ ತುಂಬಿ ಇಡುವುದು ಅತಿಥಿಯೊಬ್ಬನೇ ತಿಂದು ತೀರಿಸಲೆಂದಲ್ಲ.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಆ ಮನೆಯ ವರಮಾನ ನಮಗೆ ಗೊತ್ತಿತ್ತು: ಆಕ್ಲೆಂಡಿನಲ್ಲಿ ದುಡಿಯುವ ಹಿರಿಯ ಮಗ ಕಳಿಸುವ ಹಣ, ಸ್ವಲ್ಪ ತೆಂಗು, ಸ್ವಲ್ಪ ಕೆಸು. ಅದರಲ್ಲೇ ಚರ್ಚಿನ ಕಾಣಿಕೆಯೂ ಆಗಬೇಕು. ಯಾವ ಮನೆ ಎಷ್ಟು ಕೊಟ್ಟಿತೆಂಬುದನ್ನು ಅಲ್ಲಿ ಎಲ್ಲರೆದುರು ಓದಿ ಹೇಳುತ್ತಿದ್ದರು. ಸೇವೆಗೆಂದು ಹೋದ ನಾವು ಮಕ್ಕಳ ತುತ್ತನ್ನು ಉಂಡಿದ್ದೆವು, ಅದೂ ಪುಣ್ಯವೆಂದು ಭಾವಿಸಿ.

ಮುಂದಿನ ಭಾನುವಾರ ತಟ್ಟೆ ಬಂದೊಡನೆ, ಕೈ ಹಚ್ಚುವ ಮೊದಲೇ ಒಂದು ಪಲುಸಾಮಿಯನ್ನೂ ಎರಡು ಹೋಳು ಜೀಗುಜ್ಜೆಯನ್ನೂ ಬಾಳೆ ಎಲೆಯ ಚೂರಿಗೆ ತೆಗೆದುಕೊಂಡು, ಮಿಕ್ಕುದನ್ನು ಮುಂದಕ್ಕೆ ಸರಿಸಿದೆವು. ಎಲೆಯಲ್ಲಿ ಒಂದು ಚೂರೂ ಉಳಿಸಲಿಲ್ಲ. ಅಷ್ಟರಮಟ್ಟಿಗೆ ನಮ್ಮ ಹಿರಿಯರ ಮಾತೂ ನಡೆಯಿತು. ಮನೆಯೊಡತಿ ತಟ್ಟೆಯನ್ನು ನಮ್ಮತ್ತ ತಳ್ಳಿದಳು. ನಾವು ಅವಳತ್ತ ತಳ್ಳಿದೆವು. ಮೂರು ಸಲ ಹೀಗಾದ ಮೇಲೆ ಅವಳು ನಮ್ಮ ಮುಖವನ್ನೊಮ್ಮೆ ನೋಡಿ, ಏನೂ ಹೇಳದೆ ಮಗಳಿಗೆ ಸನ್ನೆ ಮಾಡಿದಳು. ಬೀಸಣಿಗೆ ಕೆಳಗಿಟ್ಟು ಹುಡುಗಿ ತಟ್ಟೆಯನ್ನೆತ್ತಿಕೊಂಡು ಅಡಿಗೆಯ ಗುಡಿಸಿಲಿನತ್ತ ನಡೆದಳು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಮಕ್ಕಳ ಗಲಾಟೆ ಕೇಳಿಸಿತು. ನಮ್ಮ ಸುತ್ತ ನೊಣಗಳು ಹಾರಾಡುತ್ತಿದ್ದವು. ಬೀಸಣಿಗೆಯನ್ನು ನಾವೇ ಕೈಗೆತ್ತಿಕೊಂಡೆವು.