ಹಳೇ ಧಾರಣೆ ಕಳಿಸಿದ ನನ್ನ ಸ್ಕ್ರಿಪ್ಟ್

ಕೊನೆಕೊಯ್ಲು ಮುಗೀತು. ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆ ಚೀಲ ಸೇರಿದೆ. ಈಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಇವತ್ತು ರಾಶಿ ಎಷ್ಟು? ಈ ಸಲ ಅದರ ಬಗ್ಗೆಯೇ ಬರೀತೀನಿ. ನನ್ನ ತಪ್ಪಿನಿಂದ ಒಬ್ಬರಿಗೆ ನಷ್ಟ ಆಗಿದೆ, ಮುಚ್ಚಿಡೋದು ಸರಿಯಲ್ಲ.

ಎರಡು ಮಳೆಗಾಲದ ಹಿಂದೆ ಮಗಳ ಹತ್ರ ಸ್ವಲ್ಪ ಪೈಥಾನ್ ಕಲಿತೆ. ಅದರಲ್ಲಿ ರಿಕ್ವೆಸ್ಟ್ಸ್ ಅಂತ ಒಂದು ಲೈಬ್ರರಿ ಇದೆ, ಪುಕ್ಕಟೆ ಸಿಗುತ್ತೆ. ನಾವು ಬ್ರೌಸರ್ ತೆಗೆದು, ವಿಳಾಸ ಹೊಡೆದು ಪುಟ ತರಿಸ್ಕೊಳ್ತೀವಲ್ಲ, ಆ ಕೆಲಸವನ್ನ ಅದು ನಾಲ್ಕು ಸಾಲಿನಲ್ಲಿ ಮಾಡುತ್ತೆ. ಬಂದ ಪುಟದಿಂದ ಬೇಕಾದ ಕೋಷ್ಟಕ ಹೆಕ್ಕೋಕೆ ಬ್ಯೂಟಿಫುಲ್ ಸೂಪ್ ಅಂತ ಇನ್ನೊಂದು. ಎರಡನ್ನೂ ಸೇರಿಸಿ ಸಣ್ಣ ಸ್ಕ್ರಿಪ್ಟ್ ಬರೆದೆ. ದಿನಾ ಸಂಜೆ 7ಕ್ಕೆ ಧಾರಣೆ ಹಾಕೋ ಒಂದು ಜಾಲತಾಣಕ್ಕೆ ಹೋಗಿ ಕನಿಷ್ಠ, ಗರಿಷ್ಠ, ಮಾದರಿ ಬೆಲೆ ಮೂರನ್ನೂ ತಂದುಕೊಡುತ್ತೆ. ನಾನು ಊರಿನ ಗುಂಪಿಗೆ ಹಾಕ್ತೀನಿ.

ಕಳೆದ ತಿಂಗಳು ಪಕ್ಕದ ತೋಟದ ಮಾವ ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ 6 ಕ್ವಿಂಟಲ್ ಕೊಟ್ರು, ಗುಂಪಿನಲ್ಲಿ ಬಂದ ದರಕ್ಕೇ. ಎರಡು ದಿನ ಬಿಟ್ಟು ಮಂಡಿಗೆ ಹೋದಾಗ ಗೊತ್ತಾಯ್ತು, ಕ್ವಿಂಟಲ್‌ಗೆ 1,200 ರೂಪಾಯಿ ಆಗಲೇ ಏರಿತ್ತು ಅಂತ. ಒಟ್ಟು 7,200 ಹೋಯ್ತು. "ಮಂಡಿಗೊಂದು ಫೋನ್ ಮಾಡ್ಬೇಕಿತ್ತು ಮಾರಾಯ, ನಿನ್ನ ಮೆಸೇಜ್ ನಂಬಿದೆ" ಅಂದ್ರು, ಅಷ್ಟೇ. ಬೈದಿದ್ರೆ ಸಮಾಧಾನ ಆಗ್ತಿತ್ತು.

ರಾತ್ರಿ ಕೂತು ನೋಡಿದೆ. ಆ ಪುಟದಲ್ಲಿ ನಾಲ್ಕು ದಿನದಿಂದ ಹೊಸ ದರ ಹಾಕಿರಲೇ ಇಲ್ಲ. ಸ್ಕ್ರಿಪ್ಟ್ ಮಾತ್ರ ದಿನಾ ಹೋಗಿ ಅದೇ ಅಂಕಿ ತಂದಿತ್ತು. ನಾನು ನೋಡ್ತಿದ್ದದ್ದು 200 ಅನ್ನೋ ಉತ್ತರ ಒಂದನ್ನೇ. ಜಾಲತಾಣ ಪ್ರತಿ ಸಲ ಒಂದು ಸಂಖ್ಯೆ ಕಳಿಸುತ್ತೆ: 404 ಅಂದ್ರೆ ಪುಟ ಇಲ್ಲ, 503 ಅಂದ್ರೆ ಸದ್ಯಕ್ಕೆ ಆಗಲ್ಲ, 429 ಅಂದ್ರೆ ಬಹಳ ಸಲ ಕೇಳ್ತಿದ್ದೀಯ, ನಿಲ್ಲು. 200 ಅಂದ್ರೆ ಪುಟ ಸಿಕ್ಕಿತು ಅಂತ ಅಷ್ಟೇ. ಆಳನ್ನ ಮಂಡಿಗೆ ಕಳಿಸಿದ್ವಿ, ಬಾಗಿಲು ತೆಗೆದಿತ್ತು, ಬೋರ್ಡ್ ಓದಿಕೊಂಡು ಬಂದ. ಬೋರ್ಡಿನ ಮೇಲೆ ಯಾವತ್ತಿನ ತಾರೀಕು ಇತ್ತು ಅಂತ ನಾನು ಕೇಳಲೇ ಇಲ್ಲ.

ಈಗ ಕಳಿಸೋ ಮುಂಚೆ ನಾಲ್ಕು ಪರೀಕ್ಷೆ ಇಟ್ಟಿದ್ದೀನಿ. ಪುಟದ ತಾರೀಕು ಇವತ್ತಿನದೇನಾ? ಸಾಲಿನಲ್ಲಿ "ರಾಶಿ" ಅಂತಲೇ ಬರೆದಿದೆಯಾ? (ಮೊದಲು ಮೂರನೇ ಸಾಲು ಅಂತ ಎಣಿಸ್ತಿದ್ದೆ. ಬೆಟ್ಟೆಯೋ ಗೊರಬಲೋ ಮಧ್ಯೆ ಬಂದ್ರೆ ಲೆಕ್ಕವೇ ತಪ್ಪುತ್ತೆ.) ಮಾದರಿ ಬೆಲೆ ಕನಿಷ್ಠ ಗರಿಷ್ಠದ ನಡುವೆಯೇ ಇದೆಯಾ? ಹಿಂದಿನ ದರಕ್ಕಿಂತ ನೂರಕ್ಕೆ 10ರ ಮೇಲೆ ವ್ಯತ್ಯಾಸ ಇದೆಯಾ? ಮೊದಲ ಮೂರರಲ್ಲಿ ಯಾವುದು ತಪ್ಪಿದ್ರೂ "ಇವತ್ತಿನ ಧಾರಣೆ ಸಿಕ್ಕಿಲ್ಲ, ಮಂಡಿಗೆ ಫೋನ್ ಮಾಡಿ" ಅಂತ ಹೋಗುತ್ತೆ. ಕೊನೆಯದ್ದು ಬಂದ್ರೆ ನಾನೇ ಫೋನ್ ಮಾಡಿ ಕೇಳಿ ಹಾಕ್ತೀನಿ.

ಪರೀಕ್ಷೆ ಬರೆದ್ರೆ ಸಾಲದು, ಅದು ತಪ್ಪು ಹಿಡಿಯುತ್ತಾ ನೋಡ್ಬೇಕು. ಹಳೇ ಪುಟವನ್ನ ಕಂಪ್ಯೂಟರಿನಲ್ಲಿ ಉಳಿಸಿ, ಬೇಕಂತಲೇ ಅದನ್ನೇ ಕೊಟ್ಟೆ. ಮೊದಲ ಸಲ ಸುಮ್ಮನೆ ಪಾಸ್ ಮಾಡಿತು! ತಾರೀಕಿನಲ್ಲಿ ದಿನ, ತಿಂಗಳು ಅದಲುಬದಲು ಓದ್ತಿತ್ತು. ತಿದ್ದಿ ಮತ್ತೆ ಕೊಟ್ಟಾಗ ತಡೀತು. ಹೀಗೆ ಉಳಿಸಿದ ಪುಟದ ಮೇಲೆ ಪರೀಕ್ಷೆ ಮಾಡಿದ್ರೆ ಜಾಲತಾಣಕ್ಕೆ ನೂರು ಸಲ ಹೋಗೋ ಕೆಲಸವೂ ಇಲ್ಲ. ಆ ಸರ್ವರ್ ಎಲ್ಲರದ್ದೂ. ನಾನು ದಿನಕ್ಕೆ ಒಂದೇ ಸಲ ಕೇಳೋದು, ಸಿಗದಿದ್ರೆ ಅರ್ಧ ಗಂಟೆ ಬಿಟ್ಟು ಇನ್ನೊಂದು ಸಲ.

ಮಾಡೋರಿಗೆ ಇನ್ನೊಂದು ಮಾತು. ರಿಕ್ವೆಸ್ಟ್ಸ್‌ನಲ್ಲಿ ಟೈಮ್‌ಔಟ್ ನಾವೇ ಕೊಡಬೇಕು, ಇಲ್ಲದಿದ್ರೆ ಉತ್ತರಕ್ಕೆ ಕಾಯ್ತಾನೇ ಇರುತ್ತೆ. ನಮ್ಮ ನೆಟ್‌ವರ್ಕ್ ಗೊತ್ತಲ್ಲ, ಒಂದು ದಿನ ಬೆಳಗಿನ ತನಕ ಹಾಗೇ ನಿಂತಿತ್ತು. ಈಗ 20 ಸೆಕೆಂಡ್ ಕೊಟ್ಟಿದ್ದೀನಿ.

ಮಾವನಿಗೆ ದುಡ್ಡು ಕೊಡೋಕೆ ಹೋದೆ, ತಗೊಳ್ಳಲಿಲ್ಲ. "ಅದರ ಬದಲು ಮೆಸೇಜಿನಲ್ಲಿ ತಾರೀಕು ಹಾಕು" ಅಂದ್ರು. ಅವತ್ತಿಂದ ಮೊದಲ ಸಾಲಿನಲ್ಲೇ ತಾರೀಕು ಇದೆ. ಆದ್ರೂ ಚೀಲ ಎತ್ತೋ ಮುಂಚೆ ಮಂಡಿಗೊಂದು ಫೋನ್ ಮಾಡಿ. ಸ್ಕ್ರಿಪ್ಟ್ ಬೇಕಾದೋರು ಭಾನುವಾರ ಮನೆಗೆ ಬನ್ನಿ, ಕಾಫಿ ಕುಡೀತಾ ತೋರಿಸ್ತೀನಿ.