ಬೊಕಾಸ್ತೆಲ್: ದುಂಡುಗಲ್ಲಿನ ನೆಲದಲ್ಲಿ ಒಂದು ದ್ರಾಕ್ಷಾರಸದ ಮನೆತನ

ದಕ್ಷಿಣ ಫ್ರಾನ್ಸಿನ ಅವಿನ್ಯೋಂ ನಗರದಿಂದ ರೋನ್ ನದಿಯ ಎಡದಂಡೆಯ ಬದಿಯಲ್ಲೇ ಉತ್ತರಕ್ಕೆ ಸಾಗುವ ರಸ್ತೆ ಸ್ವಲ್ಪ ಹೊತ್ತಿನಲ್ಲೇ ಷಾತೊನೆಫ್-ದ್ಯು-ಪಾಪ್ ಎಂಬ ಗುಡ್ಡದ ಊರನ್ನು ಮುಟ್ಟುತ್ತದೆ. 14ನೆಯ ಶತಮಾನದಲ್ಲಿ ಪೋಪರು ಅವಿನ್ಯೋಂನಲ್ಲಿ ನೆಲೆಸಿದ್ದಾಗ ಇಪ್ಪತ್ತೆರಡನೆಯ ಜಾನ್ ಇಲ್ಲಿ ಕೋಟೆಮನೆಯೊಂದನ್ನು ಕಟ್ಟಿಸಿದ. ಶತಮಾನಗಳ ಅಲಕ್ಷ್ಯದಿಂದ ಮೊದಲೇ ಹಾಳಾಗಿದ್ದ ಅದನ್ನು 1944ರಲ್ಲಿ ಜರ್ಮನ್ ಸೈನಿಕರು ಸ್ಫೋಟಿಸಿದ ಮೇಲೆ ಉಳಿದ ಗೋಡೆಗಳೇ ಇಂದು ಪ್ರವಾಸಿಗರನ್ನು ಮೇಲಕ್ಕೆ ಕರೆಯುತ್ತವೆ. ಆದರೆ ಪ್ರಸ್ತುತ ಲೇಖಕನ ಪ್ರಯಾಣದ ಗುರಿ ಆ ಗುಡ್ಡವಲ್ಲ, ಅಲ್ಲಿಂದ ಈಶಾನ್ಯಕ್ಕೆ, ಕುರ್ತೆಜೋನ್ ಊರಿನ ಎಲ್ಲೆಯಲ್ಲಿರುವ, ಪೆರ‍್ಯಾಂ ಕುಟುಂಬದ ಒಡೆತನದ ಷಾತೊ ದ ಬೊಕಾಸ್ತೆಲ್ ಎಂಬ ದ್ರಾಕ್ಷಿತೋಟ ಮತ್ತು ಅಲ್ಲಿನ ವೈನ್ ತಯಾರಿಕೆಯ ಕ್ರಮ.

ತೋಟದೊಳಗೆ ಕಾಲಿಟ್ಟವರಿಗೆ ಮೊದಲು ಮಣ್ಣೇ ಕಾಣುವುದಿಲ್ಲ. ರೋನ್ ನದಿ ಪ್ರಾಚೀನ ಕಾಲದಲ್ಲಿ ಆಲ್ಪ್ಸ್ ಪರ್ವತಗಳಿಂದ ಉರುಳಿಸಿ ತಂದ ದುಂಡುಗಲ್ಲುಗಳು ನೆಲವನ್ನು ಪೂರ್ತಿ ಮುಚ್ಚಿವೆ. ಅವುಗಳ ಕೆಳಗಿರುವುದು ಒಂದು ಕಾಲಕ್ಕೆ ಸಮುದ್ರತಳವಾಗಿದ್ದ ಮರಳುಗಲ್ಲಿನ ಪದರ. ಕಲ್ಲುಗಳು ಹಗಲಿನ ಬಿಸಿಲನ್ನು ಹೀರಿ ರಾತ್ರಿ ಅದನ್ನು ಬಳ್ಳಿಗಳಿಗೆ ಬಿಟ್ಟುಕೊಡುತ್ತವೆ. ಉತ್ತರದಿಂದ ಬೀಸುವ ಮಿಸ್ತ್ರಾಲ್ ಎಂಬ ಬಿರುಗಾಳಿ ತೇವವನ್ನು ಒಣಗಿಸಿ ಶಿಲೀಂಧ್ರರೋಗವನ್ನು ದೂರವಿಡುತ್ತದೆಯಾದರೂ ಎತ್ತರದ ಬಳ್ಳಿಯನ್ನು ಮುರಿದೇ ಬಿಡುತ್ತದೆಯಾದ್ದರಿಂದ, ಹಳೆಯ ಬಳ್ಳಿಗಳನ್ನು ಚಪ್ಪರವಾಗಲಿ ತಂತಿಯಾಗಲಿ ಇಲ್ಲದೆ, ಮೊಣಕಾಲೆತ್ತರದ ಪೊದೆಗಳಾಗಿ ಸವರಿ ಬೆಳೆಸುವ ಪದ್ಧತಿ ಇಲ್ಲಿ ನೆಲೆನಿಂತಿದೆ.

ಬೊಕಾಸ್ತೆಲ್ ಎಂಬ ಹೆಸರಿನ ಕುಟುಂಬ ಇಲ್ಲಿ ಜಮೀನು ಕೊಂಡದ್ದು 1549ರಲ್ಲಿ. ಇಂದಿನ ಒಡೆಯರ ಚರಿತ್ರೆ ಮಾತ್ರ 1909ರಲ್ಲಿ ಪಿಯೆರ್ ತ್ರಾಮಿಯೆ ತೋಟವನ್ನು ಖರೀದಿಸುವುದರಿಂದ ಆರಂಭವಾಗಿ, ಅಳಿಯ ಪಿಯೆರ್ ಪೆರ‍್ಯಾಂ ಮೂಲಕ ಮೊಮ್ಮಗ ಜಾಕ್ ಪೆರ‍್ಯಾಂಗೆ ಬರುತ್ತದೆ. ಯುದ್ಧಾನಂತರದ ಯುರೋಪು ರಾಸಾಯನಿಕ ಗೊಬ್ಬರಗಳನ್ನು ಉತ್ಸಾಹದಿಂದ ಅಪ್ಪಿಕೊಳ್ಳುತ್ತಿದ್ದಾಗಲೇ, 1950ರಲ್ಲಿ, ಜಾಕ್ ಅವುಗಳನ್ನು ಕೈಬಿಟ್ಟದ್ದು ಈ ಮನೆತನದ ಅತಿ ದಿಟ್ಟ ನಿರ್ಧಾರವೆನ್ನಬೇಕು. 1974ರಲ್ಲಿ ತೋಟ ಜೈವಿಕ-ಚಾಲಕ ಕೃಷಿಗೆ, ಅಂದರೆ ಜಮೀನನ್ನು ಒಂದೇ ಜೀವಿಯೆಂದು ಭಾವಿಸಿ, ಚಂದ್ರನ ಗತಿಯನ್ನೂ ಗಣಿಸಿ ಸಾಗುವ ಪದ್ಧತಿಗೆ, ಹೊರಳಿತು. ಚಂದ್ರನ ಪಾಲು ಎಷ್ಟೆಂಬುದರ ಬಗ್ಗೆ ಸಂಶಯಕ್ಕೆ ಎಡೆಯಿದೆ. ಎರಡು ದಶಕ ಮೊದಲೇ ರಾಸಾಯನಿಕ ಬಿಟ್ಟಿದ್ದ ನೆಲದಲ್ಲಿ ಅದರ ಫಲವನ್ನು ಬೇರ್ಪಡಿಸಿ ತೋರಿಸುವುದೂ ಸುಲಭವಲ್ಲ.

ಈ ಪ್ರದೇಶದ ವೈನಿಗೆ ಬ್ಯಾರನ್ ಲ ರ್ವಾ ಅವರ ಮುಂದಾಳತ್ವದಲ್ಲಿ 1923ರಿಂದ ರೂಪುಗೊಂಡ ನಿಯಮಗಳು, ನಿರ್ದಿಷ್ಟ ಊರಿನ ಹೆಸರನ್ನು ನಿರ್ದಿಷ್ಟ ನೆಲ, ತಳಿ ಮತ್ತು ವಿಧಾನಗಳಿಗೆ ಕಟ್ಟಿಹಾಕುವ ಫ್ರಾನ್ಸಿನ ರಾಷ್ಟ್ರೀಯ ವ್ಯವಸ್ಥೆಗೆ ಮಾದರಿಯಾದವು. (ನಿಯಮಗಳ ಮೇಲೆ ಇಲ್ಲಿನವರಿಗೆ ಎಷ್ಟು ಪ್ರೀತಿಯೆಂದರೆ, 1954ರಲ್ಲಿ ಊರಿನ ಮೇಯರ್ ದ್ರಾಕ್ಷಿತೋಟಗಳಲ್ಲಿ ಹಾರುವ ತಟ್ಟೆಗಳು ಇಳಿಯುವುದನ್ನೂ ನಿಷೇಧಿಸಿದರು.) ನಿಯಮಗಳು ಒಪ್ಪುವ ತಳಿಗಳು ಸಾಂಪ್ರದಾಯಿಕ ಎಣಿಕೆಯಂತೆ 13. ನೆರೆಯ ಬಹುತೇಕ ತೋಟಗಳು ಗ್ರೆನಾಶ್ ತಳಿಯನ್ನೇ ಹೆಚ್ಚಾಗಿ ನೆಚ್ಚಿಕೊಂಡಿರುವಾಗ, ಬೊಕಾಸ್ತೆಲ್ 13ನ್ನೂ ಬೆಳೆಯುತ್ತದೆ. ಮಾತ್ರವಲ್ಲ, ತಡವಾಗಿ ಹಣ್ಣಾಗುವ, ಒಗರು ಹೆಚ್ಚಿರುವ ಮುರ್ವೆದ್ರ ತಳಿಗೆ ಗ್ರೆನಾಶ್‌ನಷ್ಟೇ ಸ್ಥಾನ ಕೊಡುತ್ತದೆ. ತಳಿಗಳು ಒಟ್ಟಿಗೆ ಹಣ್ಣಾಗುವುದಿಲ್ಲವಾದ್ದರಿಂದ ಒಂದೊಂದನ್ನೂ ಅದರ ಹದದಲ್ಲಿ ಕೈಯಿಂದ ಕೊಯ್ದು, ಬೇರೆಯಾಗಿ ಹುದುಗಿಸಿ, ಕೊನೆಗೆ ಬೆರೆಸುತ್ತಾರೆ.

ತಯಾರಿಕೆಯಲ್ಲಿ ಚರ್ಚೆಗೆ ಅತಿ ಯೋಗ್ಯವಾದ ಹಂತ ಇನ್ನೊಂದು. ಕೊಯ್ದ ಕೆಂಪು ದ್ರಾಕ್ಷಿಯ ಸಿಪ್ಪೆಗೆ ಅಲ್ಪಕಾಲ ಸುಮಾರು 80 ಡಿಗ್ರಿ ಸೆಲ್ಸಿಯಸ್ ಕಾವು ತಾಗಿಸಿ, ಕೂಡಲೇ ತಣಿಸುತ್ತಾರೆ. ಈ ಕಾವು ಸಿಪ್ಪೆಯ ಬಣ್ಣವನ್ನು ಬಿಡಿಸುವುದರ ಜೊತೆಗೆ, ರಸ ಗಾಳಿಗೆ ಕೆಡುವಂತೆ ಮಾಡುವ ಕಿಣ್ವಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಹೀಗಾಗಿ ವೈನ್ ಕೆಡದಂತೆ ಸಾಮಾನ್ಯವಾಗಿ ಸೇರಿಸುವ ಗಂಧಕದ ಡೈಆಕ್ಸೈಡ್ ಕಡಿಮೆ ಸಾಕಾಗುತ್ತದೆ. ರಾಸಾಯನಿಕವನ್ನು ದೂರವಿಟ್ಟ ಮನೆತನ ಹಣ್ಣಿಗೆ ಶಾಖ ಕೊಡುವುದು ವಿರೋಧಾಭಾಸವೆಂದು ತೋರಬಹುದು. ವಾಸ್ತವವಾಗಿ ಎರಡನೆಯದು ಮೊದಲನೆಯದರ ಅಗತ್ಯದಿಂದಲೇ ಹುಟ್ಟಿದೆ, ಮತ್ತು ‘ಸಹಜ’ ವೈನ್ ಎಂದರೆ ಮನುಷ್ಯ ಕೈಕಟ್ಟಿ ಕೂರುವುದೆಂಬ ಜನಪ್ರಿಯ ಕಲ್ಪನೆಯನ್ನು ಇದು ಸುಳ್ಳಾಗಿಸುತ್ತದೆ. ಗಂಧಕವನ್ನು ಕಡಿಮೆ ಮಾಡಿದ್ದಕ್ಕೆ ತೆರಬೇಕಾದ ಬೆಲೆಯೂ ಇಲ್ಲದಿಲ್ಲ. ಬ್ರೆಟನೊಮೈಸಿಸ್ ಎಂಬ ಯೀಸ್ಟ್ ತರುವ ಕೊಟ್ಟಿಗೆಯ ವಾಸನೆ ಇಲ್ಲಿನ ಕೆಲವು ಹಳೆಯ ಸೀಸೆಗಳಲ್ಲಿ ದೋಷವೋ ಗುಣವೋ ಎಂದು ವೈನ್ ವಿಮರ್ಶಕರು ಬಹುಕಾಲ ವಾದಿಸಿದ್ದಾರೆ.

ತೋಟದ ಪೂರ್ವಕ್ಕೆ ವಾಹನಗಳು ಭೋರಿಡುವ ಎ7 ಹೆದ್ದಾರಿಯಿದೆ. ಅದರ ಆಚೆಯೂ ಇದೇ ಕುಟುಂಬದ ಕುದುಲೆ ಎಂಬ ತೋಟವಿದ್ದು, ಅಲ್ಲಿಯೂ ಬಹುಮಟ್ಟಿಗೆ ಇದೇ ಕಲ್ಲು, ಇದೇ ಮಣ್ಣು ಇವೆ. ಆದರೆ ಷಾತೊನೆಫ್ ಹೆಸರಿನ ಕಾನೂನುಬದ್ಧ ಎಲ್ಲೆ ಈಚೆಗೇ ನಿಲ್ಲುವುದರಿಂದ, ಆಚೆಯ ವೈನ್ ಕೋತ್ ದ್ಯು ರೋನ್ ಎಂಬ ಸಾಧಾರಣ ಹೆಸರಿನಲ್ಲಿ, ಬಹಳ ಕಡಿಮೆ ಬೆಲೆಗೆ ಮಾರಾಟವಾಗುತ್ತದೆ. ಇದನ್ನು ಬಲ್ಲ ಗ್ರಾಹಕರು ಅದನ್ನೇ ಕೇಳಿ ಕೊಳ್ಳುತ್ತಾರೆ.