ಐನೂರು ರೂಪಾಯಿಯ ಸಾಲ

ಬಾಲ್ಯವು ತೀರಿ ಯೌವನವು ಇನ್ನೂ ನೆಲೆಗೊಳ್ಳದ ವಯಸ್ಸಿನಲ್ಲಿ ಅವಿವೇಕವು ಸಹಜವಾದುದು. ಕೋಪವುಂಟಾದೊಡನೆ ಕೈ ಮುಂದಾಗುತ್ತದೆ. ಬುದ್ಧಿಯು ಸಾವಕಾಶವಾಗಿ ಹಿಂದಿನಿಂದ ಬರುತ್ತದೆ. ಹುಡುಗನು ಮಾಡಿದ ಹಾನಿಯನ್ನು ಮನೆಯವರು ಒಡನೆಯೇ ಲೆಕ್ಕಹಾಕಬಲ್ಲರು. ಅವನಿಗೆ ವಿಧಿಸಿದ ದಂಡದ ಬೆಲೆಯೆಷ್ಟೆಂಬುದು ಮಾತ್ರ ಬಹುಕಾಲದ ಮೇಲೆ ತಿಳಿಯುತ್ತದೆ. ಕೆಲವು ವೇಳೆ ತಿಳಿಯುವುದೇ ಇಲ್ಲ.

1988ರಲ್ಲಿ ಮೀರಾ ನಾಯರ್ ಅವರು ನಿರ್ದೇಶಿಸಿದ ‘ಸಲಾಮ್ ಬಾಂಬೆ’ ಎಂಬ ಹಿಂದೀ ಚಲಚ್ಚಿತ್ರದಲ್ಲಿ ಇಂಥ ಹುಡುಗನೊಬ್ಬನ ಕಥೆಯಿದೆ. ಕೃಷ್ಣನೆಂಬ ಹಳ್ಳಿಯ ಬಾಲಕನು ಅಣ್ಣನ ಕಾಟವನ್ನು ತಾಳಲಾರದೆ ಅವನ ಮೋಟಾರು ಸೈಕಲ್ಲಿಗೆ ಬೆಂಕಿಯಿಡುತ್ತಾನೆ. ತಾಯಿಯು ಅವನನ್ನು ಸರ್ಕಸ್ಸಿನವರ ಬಳಿ ಬಿಟ್ಟು, 500 ರೂಪಾಯಿ ಗಳಿಸಿ ತಂದಲ್ಲದೆ ಮನೆಗೆ ಬರಕೂಡದೆಂದು ಹೇಳಿ ಹೋಗುತ್ತಾಳೆ. ಒಂದು ದಿನ ಅವನು ಯಜಮಾನನ ಕೆಲಸದ ಮೇಲೆ ಹೋಗಿ ಹಿಂದಿರುಗುವಷ್ಟರಲ್ಲಿ ಸರ್ಕಸ್ಸಿನವರು ಡೇರೆ ಕಿತ್ತು ಹೊರಟುಹೋಗಿರುತ್ತಾರೆ. ದಿಕ್ಕುಗಾಣದ ಬಾಲಕನು ಮುಂಬಯಿಯ ರೈಲು ಹತ್ತುತ್ತಾನೆ.

ನಗರವು ಅವನಿಗೆ ಕಲಿಸುವ ಮೊದಲನೆಯ ಪಾಠವೇ ಕಳವು. ಬಂದೊಡನೆ ಅವನ ಗಂಟನ್ನು ದೋಚುತ್ತಾರೆ, ದೋಚಿದವರೇ ಸ್ನೇಹಿತರಾಗುತ್ತಾರೆ. ಗ್ರ್ಯಾಂಟ್ ರೋಡ್ ನಿಲ್ದಾಣದ ಸಮೀಪದ ವೇಶ್ಯಾವಾಟಿಕೆಯ ಬೀದಿಗಳಲ್ಲಿ ಚಹ ಹಂಚುವ ಕೆಲಸ ದೊರೆಯುತ್ತದೆ. ತಾಯಿ ಕರೆಯುತ್ತಿದ್ದ ಹೆಸರೂ ಉಳಿಯುವುದಿಲ್ಲ; ಎಲ್ಲರೂ ‘ಚಾಯ್‌ಪಾವ್’ ಎಂದೇ ಕೂಗುತ್ತಾರೆ. ಚಿಲಂ ಎಂಬ ಮಾದಕವ್ಯಸನಿ ತರುಣನು ಅವನಿಗೆ ಅಣ್ಣನಂತಾಗುತ್ತಾನೆ. ಇಷ್ಟಾದರೂ ಹುಡುಗನು ಕಾಸಿಗೆ ಕಾಸು ಸೇರಿಸಿ ಕೂಡಿಡುತ್ತಾನೆ. ಸಾಲವನ್ನು ತೀರಿಸಬೇಕು; ಊರಿಗೆ ಮರಳಬೇಕು. ಕಾಗದ ಬರೆದುಕೊಡುವವನೊಬ್ಬನಿಂದ ತಾಯಿಗೆ ಪತ್ರವನ್ನೂ ಬರೆಯಿಸುತ್ತಾನೆ. ಆದರೆ ಮನೆಯ ಸರಿಯಾದ ವಿಳಾಸವೇ ಅವನಿಗೆ ತಿಳಿಯದು.

ಮುಗ್ಧತೆಯೆಂದರೇನು? ಕೆಟ್ಟುದನ್ನು ಕಾಣದಿರುವುದೇ? ಹಾಗಾದರೆ ಕೃಷ್ಣನ ಮುಗ್ಧತೆಯು ಮುಂಬಯಿಯ ಮೊದಲನೆಯ ದಿನವೇ ನಷ್ಟವಾಗಬೇಕಾಗಿತ್ತು. ಹಾಗಾಗಲಿಲ್ಲ. ಅವನು ಕಳವನ್ನು ಕಂಡನು, ಅಮಲನ್ನು ಕಂಡನು, ಮಾರಾಟಕ್ಕೆ ಬಂದ ಹೆಣ್ಣುಮಗಳ ಕಣ್ಣೀರನ್ನು ಕಂಡನು. ಆದರೂ ಹಣ ಕೂಡಿದೊಡನೆ ತಾಯಿಯ ಮನೆಯ ಬಾಗಿಲು ತೆರೆಯುವುದೆಂಬ ನಂಬಿಕೆಯಿದ್ದವರೆಗೆ ಅವನು ಮಗುವೇ. ಆ ಹಣವನ್ನು ಚಿಲಂ ಕದ್ದು, ಮಾದಕದ್ರವ್ಯಕ್ಕೆ ಸುರಿದು ಸಾಯುತ್ತಾನೆ. ಅವನೊಡನೆ ಆ ನಂಬಿಕೆಯೂ ಸಾಯುತ್ತದೆ. ಬಳಿಕ ಬಾಲಕನ ಕೈ ಚೂರಿಯನ್ನು ಹಿಡಿದು ಕೊಲೆಗೂ ಹಿಂಜರಿಯುವುದಿಲ್ಲ. ಕಡೆಯಲ್ಲಿ ಗಣೇಶೋತ್ಸವದ ಜನಸಂದಣಿಯಿಂದ ಬೇರೆಯಾಗಿ ಒಬ್ಬನೇ ಕುಳಿತ ಅವನ ಕೈಯಲ್ಲಿರುವುದು ಒಂದು ಬುಗುರಿ.

ಇದನ್ನು ಬರಿಯ ಕಲ್ಪನೆಯೆಂದು ತಳ್ಳುವಂತಿಲ್ಲ. ಚಿತ್ರದ ಬಾಲಕರಲ್ಲಿ ಅನೇಕರು ನಿಜವಾಗಿಯೂ ಬೀದಿಯಲ್ಲಿ ಬಾಳಿದವರು. ಕೃಷ್ಣನ ಪಾತ್ರವನ್ನು ವಹಿಸಿದವರೇ ಬೆಂಗಳೂರಿನಿಂದ ಮುಂಬಯಿಗೆ ಓಡಿಹೋಗಿದ್ದ ಬಾಲಕರು. ಬಾಲನಟನೆಗಾಗಿ ರಾಷ್ಟ್ರಪ್ರಶಸ್ತಿಯನ್ನು ಪಡೆದರೂ ಮುಂದೆ ಬೆಂಗಳೂರಿಗೆ ಮರಳಿ ಆಟೋರಿಕ್ಷಾ ನಡೆಸಿ ಜೀವನ ಸಾಗಿಸಿದರು. ಚಿತ್ರದ ಫಲವಾಗಿ 1988ರಲ್ಲಿ ‘ಸಲಾಮ್ ಬಾಲಕ್ ಟ್ರಸ್ಟ್’ ಹುಟ್ಟಿತು. 1996ರಲ್ಲಿ ಮುಂಬಯಿಯಲ್ಲಿ 1098 ಎಂಬ ಮಕ್ಕಳ ಸಹಾಯವಾಣಿ ಮೊದಲಾಯಿತು. ಇವು ದಾರಿ ತಪ್ಪಿದವರನ್ನು ಹುಡುಕುವ ಕೈಗಳು. ದಾರಿಯನ್ನು ತೆರೆದಿಡುವ ಕೆಲಸವಾದರೋ ಮನೆಯದು.

ಐತರೇಯ ಬ್ರಾಹ್ಮಣದಲ್ಲಿ ಶುನಃಶೇಪನ ಆಖ್ಯಾನವಿದೆ. ಹಸಿವಿನಿಂದ ಕಂಗೆಟ್ಟ ತಂದೆಯು ಅವನನ್ನು ನೂರು ಹಸುಗಳಿಗೆ ಮಾರಿದನು. ಯಜ್ಞಪಶುವಾಗಬೇಕಾಗಿದ್ದ ಹುಡುಗನ ಪ್ರಾಣವುಳಿದ ಮೇಲೆ ತಂದೆಯು ಮರಳಿ ಕರೆದರೂ ಅವನು ಹೋಗಲಿಲ್ಲ, ವಿಶ್ವಾಮಿತ್ರನ ಮಗನಾದನು. ಕೃಷ್ಣನ ತಾಯಿ ಮಗನನ್ನು ಮಾರಿದವಳಲ್ಲ. ತಿದ್ದಬೇಕೆಂದೇ ಕಟುವಾಗಿ ನುಡಿದವಳು. ಆದರೂ ಮನೆಯ ಹೊಸ್ತಿಲಿಗೆ ಒಂದು ಬೆಲೆಯನ್ನು ಕಟ್ಟಿದಳು. ದಾರಿಯಲ್ಲಿ ಎಲ್ಲ ಹುಡುಗರಿಗೂ ವಿಶ್ವಾಮಿತ್ರನು ದೊರೆಯುವುದಿಲ್ಲ. ತಪ್ಪು ಮಾಡಿದ ಮಗನನ್ನು ಹಿರಿಯರು ದಂಡಿಸಲಿ, ನಷ್ಟವನ್ನು ದುಡಿದು ತುಂಬಿಕೊಡೆಂದೂ ಹೇಳಲಿ. ಅದರೊಡನೆ, ಉಣ್ಣುವ ಹೊತ್ತಿಗೆ ಮನೆಗೆ ಬಾ ಎಂಬ ಒಂದು ಮಾತನ್ನು ಸೇರಿಸಲಿ. ಸುಟ್ಟುಹೋದ ಬಂಡಿಯನ್ನು ಮತ್ತೊಮ್ಮೆ ಕೊಳ್ಳಬಹುದು.